ಕರೆಂಟು ಹೋದಾಗಿನ ಮಾತು

ನಿನ್ನೆ ಮಧ್ಯಾಹ್ನ ನಮ್ಮ ಸಂಶೋಧನಾ ಸಂಸ್ಥೆಯಲ್ಲಿ ಕರೆಂಟು ಹೋಯಿತು. ಎಲ್ಲರೂ ಗೊಣಗಿದರು. ನನಗೆ ಮಾತ್ರ, ಈಗ ಯಾರೋ ಮುಖ್ಯವಾದ ಮಾತೊಂದನ್ನು ಹೇಳಲಿದ್ದಾರೆ ಅನ್ನಿಸಿತು. ಇದು ದೊಡ್ಡಬಳ್ಳಾಪುರದ ಮಗ್ಗದ ಮನೆಯಲ್ಲಿ ಬೆಳೆದವರ ಕಾಯಿಲೆ, ನಿಮಗಿರಲಾರದು.

ನಮ್ಮ ನಡುಮನೆಯಲ್ಲೇ ಎರಡು ಪವರ್‌ಲೂಮು. ಅವು ಓಡುವಾಗ ಚಿಟಿಕೆ ಉಪ್ಪು ಬೇಕಿದ್ದರೂ ಕೂಗಬೇಕು. ಹಾಗೆ ಪಳಗಿದ ಗಂಟಲು ನನ್ನದು. ಇವತ್ತಿಗೂ ಮೈಕಿಲ್ಲದೆ ಉಪನ್ಯಾಸ ಮಾಡುತ್ತೇನೆ. ಮುಂದಿನ ಸಾಲಿನವರು ಒಬ್ಬೊಬ್ಬರಾಗಿ ಹಿಂದಕ್ಕೆ ಹೋಗಿ ಕೂರುತ್ತಾರೆ. ಮದುವೆ ಮಾತುಕತೆ, ಅತ್ತಿಗೆಯ ಮುನಿಸು, ಸೋರುವ ಸೂರು, ಎಲ್ಲವೂ ಕರೆಂಟು ಹೋಗುವವರೆಗೆ ಕಾಯಬೇಕಿತ್ತು.

ನಾನೂ ಕಾದೆ. ಎಂ.ಎಸ್ಸಿ. ಮುಗಿದು ಬ್ಯಾಂಕಿನಲ್ಲಿ ಕೆಲಸ ಸಿಕ್ಕಿತ್ತು. ಅದನ್ನು ಬಿಟ್ಟು ಕಪ್ಪುಕುಳಿಗಳ ಸಂಶೋಧನೆಗೆ ಹೋಗುವ ಆಸೆ. ಅಪ್ಪ ಬೇಡವೆಂದರೆ ಅಲ್ಲಿಗೆ ಮುಗಿಯಿತು. ಆ ವಾರ ನೋಡಿ, ಕರೆಂಟಿಗೆ ಹೋಗುವ ಮನಸ್ಸೇ ಇಲ್ಲ! ಕೊನೆಗೊಂದು ಬೆಳಿಗ್ಗೆ ಮಗ್ಗಗಳು ನಿಂತವು. ಒಂದೇ ಉಸಿರಿಗೆ ಹೇಳಿಬಿಟ್ಟೆ.

“ಬೆಳಕೂ ಈಚೆ ಬರಲ್ಲ ಅಂತೀಯ. ಕಾಣ್ದೇ ಇರೋದನ್ನ ಹೆಂಗಮ್ಮ ನೋಡ್ತೀಯ?” ಅಂದರು ಅಪ್ಪ.

“ಅದರ ಸುತ್ತ ನಕ್ಷತ್ರಗಳು ಹೆಂಗೆ ಓಡ್ತವೆ ಅಂತ ನೋಡಿ ಲೆಕ್ಕ ಹಾಕೋದಪ್ಪಾ.”

“ಸೀರೆಯಾದ್ರೆ ಇಂಥ ದಿನ ಮುಗಿಯುತ್ತೆ ಅಂತ ಹೇಳ್ಬೋದು. ಇದು?”

“ಇದು ಮುಗಿಯಲ್ಲಪ್ಪಾ...” ಅನ್ನುವಷ್ಟರಲ್ಲಿ ಬಲ್ಬು ಹತ್ತಿಕೊಂಡಿತು. ಬೀದಿಯ ಮಗ್ಗಗಳೆಲ್ಲ ಒಂದೊಂದಾಗಿ ಬಡಿಯತೊಡಗಿದವು. ಅಪ್ಪನ ಕೈ ಸ್ವಿಚ್ಚಿಗೆ ಹೋಯಿತು. ಕರೆಂಟು ಬಂದ ಮೇಲೂ ನಮ್ಮ ಮಗ್ಗ ನಿಂತದ್ದನ್ನು ನಾನು ಕಂಡೇ ಇರಲಿಲ್ಲ.

ಅಪ್ಪ ಕೈ ತೆಗೆದು ನನ್ನ ಪಕ್ಕ ಬಂದು ಕೂತರು. “ಹೇಳಮ್ಮ, ಪೂರ್ತಿ ಹೇಳು. ಮಗ್ಗ ಎಲ್ಲಿಗೂ ಓಡೋಗಲ್ಲ.”

ಅಮ್ಮ ತಂದಿಟ್ಟ ಕಾಫಿ ಆರಿ ತಣ್ಣಗಾಗುವವರೆಗೂ ಹೇಳಿದೆ. ಎಷ್ಟು ಅರ್ಥವಾಯಿತೋ ಕಾಣೆ, “ಹೋಗು” ಅಂದರು. ಆಮೇಲಿನ ಇಷ್ಟು ವರ್ಷಗಳಲ್ಲಿ ಎಷ್ಟೋ ಲೆಕ್ಕಗಳು ಕೈಕೊಟ್ಟಿವೆ. ಈ ದಾರಿ ಹಿಡಿದದ್ದು ತಪ್ಪಾಯಿತೆಂದು ಒಂದು ದಿನವೂ ಅನ್ನಿಸಲಿಲ್ಲ.

ನಿನ್ನೆಯೂ ನನ್ನ ಊಹೆ ಸುಳ್ಳಾಗಲಿಲ್ಲ. ನನ್ನ ಸಂಶೋಧನಾ ವಿದ್ಯಾರ್ಥಿನಿ ಬಾಗಿಲಲ್ಲಿ ಬಂದು ನಿಂತಳು. “ಮೇಡಂ, ನೀವು ಕೊಟ್ಟಿರೋ ವಿಷಯ ಬಿಟ್ಟು ನಂದೇ ಒಂದು ಮಾಡ್ಲಾ ಅಂತ...” ಅಷ್ಟರಲ್ಲಿ ಕರೆಂಟು ಬಂತು. ಅರ್ಧಕ್ಕೆ ನಿಂತ ನನ್ನ ಲೆಕ್ಕ ಕಂಪ್ಯೂಟರಿನಲ್ಲಿ ಕಾಯುತ್ತಿತ್ತು. ಬೆರಳು ಗುಂಡಿಯವರೆಗೂ ಹೋಯಿತು. ಕೈ ಹಿಂದಕ್ಕೆ ತೆಗೆದುಕೊಂಡೆ.

“ಕೂತ್ಕೊಳಮ್ಮ, ಪೂರ್ತಿ ಹೇಳು” ಎಂದೆ, ನನ್ನ ಗಂಟಲಿಗೆ ಸಾಧ್ಯವಾದಷ್ಟು ಮೆಲ್ಲಗೆ.