ಹಿಕ್ಕೆಗೆ ಬಿದ್ದ ಚಪ್ಪಾಳೆ

ಹೋದ ಬುಧವಾರ ಬೆಂಗಳೂರಿನ ಒಂದು ಸೆಮಿನಾರ್ ಹಾಲಿನಲ್ಲಿ ವಿಜ್ಞಾನಿಗಳೆಲ್ಲ ಎದ್ದು ನಿಂತು ರೇಷ್ಮೆ ಹುಳದ ಹಿಕ್ಕೆಗೆ ಚಪ್ಪಾಳೆ ತಟ್ಟಿದರು.

ಹೌದು, ಹಿಕ್ಕೆಗೆ. ನೀವು ಸರಿಯಾಗೇ ಓದಿದ್ದೀರಿ. ನಾನೂ ತಟ್ಟಿದೆ, ಅಂಗೈ ಕೆಂಪಾಗುವಷ್ಟು.

ನನ್ನ ಚಪ್ಪಾಳೆಯಲ್ಲಿ ಸ್ವಲ್ಪ ತಪ್ಪೊಪ್ಪಿಗೆಯೂ ಸೇರಿತ್ತು ಅನ್ನಿ. ಏಕೆಂದರೆ ಒಂಬತ್ತು ತಿಂಗಳ ಹಿಂದೆ, ‘ಈ ಕೆಲಸ ಬಿಟ್ಟುಬಿಡು’ ಎಂದು ಬುದ್ಧಿ ಹೇಳಲು ಬಂಗಾರಪೇಟೆಯಿಂದ ಬಸ್ಸು ಹತ್ತಿ ಹೋದವಳು ನಾನೇ.

ಮಲರ್ ನನ್ನ ಹಳೆಯ ವಿದ್ಯಾರ್ಥಿನಿ. ಕೆಜಿಎಫ್‌ನ ಮೈಸೂರು ಮೈನ್ಸ್‌ನ ಹುಡುಗಿ. ತಾತ ಗಣಿಗೆ ಇಳಿಯುತ್ತಿದ್ದವರು. ಹೈಸ್ಕೂಲಿನಲ್ಲಿ ನಾನು ಅವಳಿಗೆ ಕನ್ನಡ ಕಲಿಸಿದೆ, ಅವಳು ನನಗೆ ತಮಿಳು ಕಲಿಸಿದಳು. (ಕೆಜಿಎಫ್‌ನಲ್ಲಿ ಟೀಚರ್ ಆಗುವುದೆಂದರೆ ಹೀಗೇ.) ಆಮೇಲೆ ಅವಳು ಬೂದಿಕೋಟೆ ಕಡೆಯ ಒಂದು ಹಳ್ಳಿಗೆ ಸೊಸೆಯಾಗಿ ಹೋದಳು. ರೇಷ್ಮೆ ಬೆಳೆಯುವ ಮನೆ. ಹುಡುಗನ ಪರಿಚಯವಾದದ್ದು ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ. ನಮ್ಮ ಕಡೆ ಇನ್ನೆಲ್ಲಿ ಆಗಬೇಕು?

ಮದುವೆಯಾದ ಮೇಲೂ ರೈಲು ಬಿಡಲಿಲ್ಲ. ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಪಿಎಚ್‌ಡಿಗೆ ಸೇರಿದಳು. ವಿಷಯ ಸೂಪರ್‌ಕೆಪಾಸಿಟರ್.

ಅದೇನು ಅಂತ ಕೇಳುತ್ತೀರಾ? ನಾನೂ ಕೇಳಿದ್ದೆ.

“ಮಿಸ್, ಬ್ಯಾಟ್ರಿ ಒಳಗೆ ರಸಾಯನ ಕ್ರಿಯೆ ನಡೀಬೇಕು. ಅದಕ್ಕೆ ಟೈಮ್ ಬೇಕು. ಅದಕ್ಕೇ ನಿಮ್ಮ ಮೊಬೈಲು ಗಂಟೆಗಟ್ಟಲೆ ಚಾರ್ಜಿಗೆ ಕೂತಿರುತ್ತೆ. ಇದರಲ್ಲಿ ಹಂಗಲ್ಲ. ಕರೆಂಟ್ ಹೊತ್ತ ಕಣಗಳು ಬಂದು ಇದ್ದಿಲಿನ ಗೋಡೆಗೆ ಸುಮ್ನೆ ಅಂಟ್ಕೊಂಡು ನಿಲ್ತಾವೆ. ಬೇಕು ಅಂದ ತಕ್ಷಣ ಬಿಟ್ಟು ಓಡ್ತಾವೆ. ಸೆಕೆಂಡಲ್ಲಿ ತುಂಬುತ್ತೆ, ಸೆಕೆಂಡಲ್ಲಿ ಕೊಡುತ್ತೆ. ಸಾವಿರಾರು ಸಲ ಹಿಂಗೆ ಮಾಡಿದ್ರೂ ಸುಸ್ತಾಗಲ್ಲ.”

“ಅಷ್ಟು ಒಳ್ಳೇದಿದ್ರೆ ಎಲ್ಲರೂ ಇದನ್ನೇ ಯಾಕೆ ಬಳಸಲ್ಲ?”

“ಬ್ಯಾಟ್ರಿಯಷ್ಟು ಹಿಡಿಸಲ್ಲ ಮಿಸ್. ಹಿಡಿಸೋ ಹಂಗೆ ಮಾಡೋದೇ ನಮ್ಮ ಕೆಲಸ. ಜಾಗ ಸಣ್ಣದೇ ಇರಬೇಕು, ಗೋಡೆ ಮಾತ್ರ ಜಾಸ್ತಿ ಆಗಬೇಕು. ನಮ್ಮ ತಾತ ಹೇಳ್ತಿದ್ರಲ್ಲ, ಗಣೀಲಿ ದೊಡ್ಡ ಬಾವಿ ಇಳಿದ್ರೆ ಅಡ್ಡ ಸುರಂಗ, ಅದರಿಂದ ಇನ್ನೂ ಸಣ್ಣ ಸುರಂಗ. ಒಂದು ಚಿಟಿಕೆ ಇದ್ದಿಲ ಪುಡಿ ಒಳಗೆ ಅಂಥ ಸುರಂಗ ಕೊರೀಬೇಕು. ಕೂದಲಿಗಿಂತ ಸಾವಿರಾರು ಪಟ್ಟು ಸಣ್ಣವು. ನ್ಯಾನೋ ಅಂದ್ರೆ ಅದೇ.”

ಒಂದು ಚಮಚ ಪುಡಿಯ ಒಳಗೋಡೆಗಳನ್ನೆಲ್ಲ ಬಿಚ್ಚಿ ಹಾಸಿದರೆ ನಮ್ಮ ಹೈಸ್ಕೂಲಿನ ಆಟದ ಮೈದಾನ ಮುಚ್ಚಿಹೋಗುತ್ತದಂತೆ. ನಾನು ನಂಬಲಿಲ್ಲ. ಅವಳು ಲೆಕ್ಕ ಮಾಡಿ ತೋರಿಸಿದಳು. (ಕನ್ನಡ ಟೀಚರ್‌ಗೆ ಲೆಕ್ಕ ತೋರಿಸಿದರೆ ನಂಬದೆ ಬೇರೆ ದಾರಿ ಇರುವುದಿಲ್ಲ.)

ಇದ್ದಿಲನ್ನು ಯಾವುದರಿಂದ ಮಾಡುವುದು? ತೆಂಗಿನ ಚಿಪ್ಪು, ಭತ್ತದ ಹೊಟ್ಟು, ಎಲ್ಲವನ್ನೂ ಜಗತ್ತಿನವರು ಆಗಲೇ ಸುಟ್ಟು ನೋಡಿದ್ದರು. ಮಲರ್‌ಗೆ ಅತ್ತೆಮನೆಯ ಹಿಪ್ಪುನೇರಳೆ ಕಡ್ಡಿ ನೆನಪಾಯಿತು. ಸೊಪ್ಪನ್ನು ಹುಳ ತಿನ್ನುತ್ತದೆ, ಕಡ್ಡಿ ರಾಶಿ ಬೀಳುತ್ತದೆ. ಅವಳು ಲ್ಯಾಬಿನಿಂದಲೇ ಫೋನು ಮಾಡಿ ಕೇಳಿದ್ದಕ್ಕೆ ಅತ್ತೆ ನಾರಾಯಣಮ್ಮ ಒಂದು ಚೀಲ ಕಡ್ಡಿ ತುಂಬಿ ಕಳಿಸಿಕೊಟ್ಟರು.

ಆ ಚೀಲದ ಕಡ್ಡಿಯಿಂದ ಬಂದ ಪುಡಿ ಪವಾಡದ ಹಾಗಿತ್ತು. ಲ್ಯಾಬಿನಲ್ಲಿ ಯಾರೂ ನೋಡದಷ್ಟು ಚಾರ್ಜು ಹಿಡಿಯಿತು. ಗೈಡ್ ಖುಷಿಯಿಂದ ಎಲ್ಲರಿಗೂ ಕಾಫಿ ತರಿಸಿದರು.

ಎರಡನೇ ಚೀಲ? ಠುಸ್. ಮೂರನೆಯದು? ಅದೂ ಠುಸ್.

ಎರಡು ವರ್ಷ ಹೀಗೇ ನಡೆಯಿತು. ಕುಲುಮೆಯ ಶಾಖ ಬದಲಿಸಿದಳು. ಸುರಂಗ ಕೊರೆಯಲು ಹಾಕುವ ಕ್ಷಾರದ ಪ್ರಮಾಣ ಬದಲಿಸಿದಳು. ಕಡ್ಡಿಯನ್ನು ತಾನೇ ತೋಟದಲ್ಲಿ ನಿಂತು ಕತ್ತರಿಸಿ, ಮೂರು ನೀರಲ್ಲಿ ತೊಳೆದು, ಬಟ್ಟೆ ಮೇಲೆ ಒಣಗಿಸಿ ತೆಗೆದುಕೊಂಡು ಹೋದಳು. ಪುಡಿ ಕೆಟ್ಟದ್ದೇನೂ ಆಗಿರಲಿಲ್ಲ, ಆದರೆ ಸಾಧಾರಣ. ಮೊದಲ ಚೀಲದ ಅರ್ಧಕ್ಕೂ ಬರಲಿಲ್ಲ.

ವಿಜ್ಞಾನದಲ್ಲಿ ಒಂದು ಸಲ ಬಂದದ್ದಕ್ಕೆ ಬೆಲೆಯಿಲ್ಲ. ಮತ್ತೆ ಬರಬೇಕು. ಬೇರೆಯವರು ಮಾಡಿದರೂ ಬರಬೇಕು. ಬರದೇ ಇದ್ದಾಗ ಜನ ಏನು ಅಂದುಕೊಳ್ಳುತ್ತಾರೆ? ಗೈಡ್ ಒಂದು ದಿನ ಬಾಗಿಲು ಹಾಕಿ ಕೇಳಿಯೇಬಿಟ್ಟರು: “ಮಲರ್, ಮೊದಲನೇ ಸಲದ ರೀಡಿಂಗ್ ನಿಜವಾಗಲೂ ಮಷೀನ್ ಕೊಟ್ಟಿದ್ದೇನಾ?”

ಸುಳ್ಳು ಬರೆದಿದ್ದೀಯಾ ಎಂದು ನೇರವಾಗಿ ಕೇಳಲಿಲ್ಲ. ಕೇಳಿದ್ದರೇ ವಾಸಿಯಿತ್ತು.

ನನಗೆ ಫೋನು ಮಾಡಿದಾಗ ಅವಳು ಅಳಲಿಲ್ಲ. ಸಮಾಧಾನದ ದನಿಯಲ್ಲಿ ಹೇಳಿದಳು. ಅದೇ ನನಗೆ ಭಯ ಹುಟ್ಟಿಸಿತು. ಆ ಭಾನುವಾರ ಮಧ್ಯಾಹ್ನ ನಾನು ಬೂದಿಕೋಟೆ ಬಸ್ಸು ಹತ್ತಿದೆ. ಹುಡುಗಿ ಮೋಸಗಾರ್ತಿ ಅನ್ನಿಸಿಕೊಳ್ಳುವ ಮೊದಲು ಗೌರವವಾಗಿ ಹೊರಗೆ ಬರಲಿ, ಯಾವುದಾದರೂ ಕಾಲೇಜಿನಲ್ಲಿ ಪಾಠ ಮಾಡಿಕೊಂಡಿರಲಿ. ಇದು ನನ್ನ ಪ್ಲಾನು.

ಅವರ ಮನೆಯಲ್ಲಿ ಹುಳಗಳಿಗೆ ಸೊಪ್ಪು ಹಾಕುವ ಹೊತ್ತು. ಹುಳಮನೆಯಲ್ಲಿ ಸಾವಿರಾರು ಬಾಯಿಗಳು ಸೊಪ್ಪು ಕಚ್ಚುವ ಸದ್ದು ಜಿನುಗು ಮಳೆಯ ಹಾಗೆ ಕೇಳುತ್ತಿತ್ತು. ನಾರಾಯಣಮ್ಮ ತಟ್ಟೆಗಳ ಮೇಲೆ ಸೊಪ್ಪು ಹರಡುತ್ತಿದ್ದರು. ಮಲರ್ ಕೊಟ್ಟ ಕಾಫಿ ಲೋಟ ಹಿಡಿದುಕೊಂಡು ನಾನು ಬಾಗಿಲಲ್ಲೇ ಶುರು ಮಾಡಿದೆ.

“ನೋಡು ಮಲರ್, ಎಲ್ಲ ಪ್ರಯತ್ನ ಮಾಡಿದ್ದೀಯ. ಇಷ್ಟು ವರ್ಷ ದುಡಿದದ್ದು ಸಾಕು. ಬಿಟ್ಟುಬಿಡೋದರಲ್ಲಿ ಅವಮಾನ ಏನಿಲ್ಲ. ಆ ಮೊದಲ ಚೀಲದಲ್ಲಿ ಏನೋ ಆಗಿತ್ತು ಅಂದುಕೋ...”

ನಾರಾಯಣಮ್ಮನ ಕೈ ನಿಂತಿತು.

“ಮೊದ್ಲ ಚೀಲನಾ?” ಎಂದರು. ಸೊಪ್ಪು ಕೆಳಗಿಟ್ಟರು. ಸೆರಗಿನಲ್ಲಿ ಕೈ ಒರೆಸಿಕೊಂಡರು.

“ಮಲರಮ್ಮಿ, ನಾನೊಂದು ತಪ್ಪು ಮಾಡಿವ್ನಿ. ಏಳಿದ್ರೆ ನೀನು ಬೈಬಾರ್ದು.”

“ಏನತ್ತೆ?”

“ಆವತ್ತು ನೀನು ಕಡ್ಡಿ ಕೇಳ್ದಲ್ಲ, ಆಗ ತೋಟ ಕೊಯ್ದಿರ್ಲಿಲ್ಲ. ನೀನು ಕಾಯ್ತಾ ಇರ್ತೀಯ ಅಂತ ಉಳಮನೆ ಇಂದೆ ಇತ್ತಲ್ಲ ಕಸದ ಗುಡ್ಡೆ, ಅದ್ರಾಗಿನ ಕಡ್ಡಿ ಬಗ್ದು ತುಂಬ್ಬಿಟ್ಟೆ. ಎಲ್ಲಾ ಇಕ್ಕೆ ಮೆತ್ಕಂಡಿತ್ತು. ತಿಂದು ಬಿಟ್ಟ ಎಲೆ ಕೊಳ್ತು ಸೇರ್ಕಂಡಿತ್ತು. ತೊಳ್ಯಕ್ಕೂ ಓಗ್ಲಿಲ್ಲ. ಒಳ್ಳೆ ಕಡ್ಡಿ ಅಂತ ನಂಬಿ ನೀನು ದೊಡ್ಡೋರ ಮುಂದೆ ಇಟ್ಟೆ. ಆ ಗಲೀಜಿಂದಾನೇ ನಿನ್ ಮಿಷಿನ್ ಕೆಟ್ಟೋಯ್ತು. ಅದ್ಕೇ ಆಮೇಲೆ ಯಾವ್ದೂ ಸರಿ ಬತ್ತಾ ಇಲ್ಲ. ಏಳಕ್ಕೆ ನಾಚ್ಕೆ ಆಗಿ ಇಷ್ಟ್ ದಿನ ಬಾಯಿ ಮುಚ್ಕಂಡಿದ್ದೆ.”

ಇಷ್ಟು ಹೇಳಿ ಆ ಹೆಂಗಸು ಅತ್ತುಬಿಟ್ಟರು. ಎರಡು ವರ್ಷ ಆಕೆ ಸೊಸೆಯ ಮುಖ ನೋಡಿದಾಗಲೆಲ್ಲ, ಈ ಹುಡುಗಿಯ ಬಾಳು ಹಾಳಾಗಿದ್ದು ನನ್ನಿಂದಲೇ ಎಂದು ಒಳಗೊಳಗೇ ಬೇಯುತ್ತಿದ್ದರು. ಅದಕ್ಕೇ ಇರಬೇಕು, ಆಮೇಲಿನ ಪ್ರತಿ ಚೀಲದ ಕಡ್ಡಿಯನ್ನೂ ತೊಳೆಯಲು ಸೊಸೆಗಿಂತ ಮೊದಲೇ ಹೋಗಿ ನಲ್ಲಿ ಹತ್ತಿರ ಕೂರುತ್ತಿದ್ದರಂತೆ.

“ಬಿಡಿ ಅಮ್ಮ, ನಿಮಗೇನು ಗೊತ್ತು, ಆಗಿದ್ದು ಆಗಿಹೋಯಿತು” ಎಂದೆ ನಾನು. (ಈ ಮಾತನ್ನು ನಾನು ವಾಪಸ್ ತೆಗೆದುಕೊಳ್ಳಬಹುದೇ?)

ಮಲರ್‌ಗೆ ದಿಗ್ಭ್ರಮೆಯಾದಾಗ ಕನ್ನಡ ಹೋಗಿ ತಮಿಳು ಬರುತ್ತದೆ.

“ಎನ್ನ ಸೊನ್ನೀಂಗ? ಏನಂದ್ರಿ ಅತ್ತೆ? ಹಿಕ್ಕೆ ಇತ್ತಾ? ಹಿಕ್ಕೆ ಸಮೇತ ಇತ್ತಾ?”

“ಊಂ ಕಣಮ್ಮಿ. ತಪ್ಪಾಯ್ತು.”

“ನೈಟ್ರೋಜನ್!” ಎಂದು ಕಿರುಚಿದಳು. ತಟ್ಟೆಯ ಹುಳಗಳೂ ಒಂದು ಕ್ಷಣ ತಿನ್ನುವುದು ನಿಲ್ಲಿಸಿದವೇನೋ ಅನ್ನಿಸಿತು. “ಅತ್ತೆ! ಹಿಕ್ಕೇಲಿ ನೈಟ್ರೋಜನ್ ಇರುತ್ತೆ! ನಾನು ಅದನ್ನೇ ತೊಳ್ದು ತೊಳ್ದು ಚೆಲ್ತಾ ಇದ್ದೆ!”

ಅತ್ತೆಯನ್ನು ಅಪ್ಪಿಕೊಂಡು ಗಿರಗಿರನೆ ತಿರುಗಿಸಿದಳು. ನಾರಾಯಣಮ್ಮನಿಗೆ ಬೈಗುಳ ಬೀಳುತ್ತಿದೆಯೋ ಮುದ್ದು ಸಿಗುತ್ತಿದೆಯೋ ತಿಳಿಯಲಿಲ್ಲ. ನನ್ನ ಕಾಫಿ ನೆಲದ ಪಾಲಾಯಿತು.

ವಿಷಯ ಇಷ್ಟೇ. ಕಡ್ಡಿಯೊಂದನ್ನೇ ಸುಟ್ಟರೆ ಬರೀ ಇದ್ದಿಲು. ಹಿಕ್ಕೆಯೊಂದಿಗೆ ಸುಟ್ಟರೆ ಅದರ ನೈಟ್ರೋಜನ್ ಇದ್ದಿಲಿನೊಳಗೆ ಅಲ್ಲಲ್ಲಿ ಕೂತುಬಿಡುತ್ತದೆ. ಆಗ ಕರೆಂಟಿನ ಕಣಗಳಿರುವ ದ್ರಾವಣ ಸಣ್ಣ ಸುರಂಗಗಳಿಗೂ ಇಳಿಯುತ್ತದೆ, ಗೋಡೆಗಳು ಹೆಚ್ಚು ಚಾರ್ಜು ಹಿಡಿಯುತ್ತವೆ. ಲ್ಯಾಬುಗಳಲ್ಲಿ ಇದನ್ನು ಮಾಡಲು ಬೇರೆ ರಾಸಾಯನಿಕಗಳನ್ನು ಬೆರೆಸುತ್ತಾರಂತೆ. ಇಲ್ಲಿ ಹುಳಗಳೇ ಬೆರೆಸಿಟ್ಟಿದ್ದವು. ನಾವು ಕ್ಲೀನ್ ಮಾಡಿ ಕೆಡಿಸಿದ್ದೆವು.

ಅವತ್ತು ಸಂಜೆ ಬೆಳಕಿರುವಾಗಲೇ ಮೂವರೂ ಗುಡ್ಡೆ ಬಗೆದು ಚೀಲ ತುಂಬಿದೆವು. ಬುದ್ಧಿ ಹೇಳಲು ಹೋದ ನಾನು, ಬೆಂಗಳೂರಿಗೆ ಹೊರಟ ಮಲರ್ ಜೊತೆ ಹಿಕ್ಕೆ ಹೊತ್ತುಕೊಂಡು ಬಸ್ಸು ಹತ್ತಿದೆ. ಕಂಡಕ್ಟರ್ ಮೂಗು ಮುಚ್ಚಿಕೊಂಡು “ಏನ್ ಮೇಡಂ ಇದು?” ಎಂದ. “ವಿದ್ಯುತ್ತು” ಎಂದೆ. ಮತ್ತೆ ಮಾತಾಡಿಸಲಿಲ್ಲ.

ಎರಡು ವಾರ ಫೋನಿಲ್ಲ. ನಾನೂ ಮಾಡಲಿಲ್ಲ, ಧೈರ್ಯವಾಗಲಿಲ್ಲ. ಒಂದು ಬೆಳಿಗ್ಗೆ ದೋಸೆ ಹುಯ್ಯುತ್ತಿದ್ದಾಗ ರಿಂಗಾಯಿತು.

“ಮಿಸ್, ಬಂತು.”

“ಎಷ್ಟು ಸಲ?”

“ಮೂರು ಸಲ. ಮೂರನೇ ಸಲ ನಾನು ಮುಟ್ಟಲೇ ಇಲ್ಲ. ಸರ್ ತಾವೇ ಕೂತು ಮಾಡಿದ್ರು. ಮೊದಲನೇ ಸಲದಷ್ಟೇ ಬಂತು. ಆಮೇಲೆ...” ಅವಳ ದನಿ ಈಗ ಒಡೆಯಿತು. “ಆಮೇಲೆ ಎಲ್ಲರ ಎದುರಿಗೆ, ‘ನಿನ್ನನ್ನ ಅನುಮಾನಿಸಿದ್ದಕ್ಕೆ ಕ್ಷಮಿಸಮ್ಮ’ ಅಂದ್ರು.”

ದೋಸೆ ಸೀದುಹೋಯಿತು. ಹೋಗಲಿ ಬಿಡಿ.

ಹೋದ ಬುಧವಾರ ಅವಳ ಕೊನೆಯ ಪರೀಕ್ಷೆ, ವೈವಾ. ನಾರಾಯಣಮ್ಮನನ್ನು ಬಂಗಾರಪೇಟೆಯಿಂದ ರೈಲಿನಲ್ಲಿ ಕರೆದುಕೊಂಡು ಹೋಗುವ ಕೆಲಸ ನನ್ನದು. ಹೊಸ ಸೀರೆ ಉಟ್ಟಿದ್ದರು. ದಾರಿಯುದ್ದಕ್ಕೂ ಒಂದೇ ಮಾತು: “ನಾನ್ ಬಂದು ಏನ್ ಮಾಡ್ಲಿ ಮೇಡಂ? ಇಂಗ್ಲೀಸ್ನಾಗೆ ಮಾತಾಡ್ತಾರೆ. ನಾನು ಇಂದೆ ಕೂತ್ಕತೀನಿ.”

ಹಿಂದೆಯೇ ಕೂತೆವು. ಮಲರ್ ಮೇಜಿನ ಮೇಲೆ ಗುಂಡಿಯಂಥ ಪುಟ್ಟ ಕೋಶಗಳನ್ನು ಸಾಲಾಗಿ ಜೋಡಿಸಿದ್ದಳು. ಒಳಗಿರುವುದು ನಮ್ಮ ಹಿಕ್ಕೆ ಇದ್ದಿಲು. ವೈರು ಹಚ್ಚಿ ಹತ್ತು ಎಣಿಸುವಷ್ಟರಲ್ಲಿ ಚಾರ್ಜು ತುಂಬಿಸಿ ತೆಗೆದಳು. ಪಕ್ಕದಲ್ಲಿದ್ದ ಎಲ್‌ಇಡಿ ದೀಪಗಳ ಸಾಲು ಝಗ್ಗನೆ ಹೊತ್ತಿತು. ಅವಳು ಮಾತಾಡುತ್ತಲೇ ಇದ್ದಳು, ಅದು ಉರಿಯುತ್ತಲೇ ಇತ್ತು.

ಹೊರಗಿನಿಂದ ಬಂದಿದ್ದ ಪರೀಕ್ಷಕಿ ಕನ್ನಡಕ ಏರಿಸಿಕೊಂಡು ಇಂಗ್ಲಿಷಿನಲ್ಲಿ ಕೇಳಿದರು. “ಕಡ್ಡಿ ಸರಿ. ಹಿಕ್ಕೆ ಸೇರಿಸಬೇಕು ಅನ್ನೋ ಐಡಿಯಾ ಎಲ್ಲಿ ಸಿಕ್ಕಿತು? ಯಾವ ಪೇಪರ್?”

“ಪೇಪರ್ ಅಲ್ಲ ಮೇಡಂ,” ಎಂದಳು ಮಲರ್. “ನಮ್ಮತ್ತೆ. ಅಗೋ, ಕೊನೇ ಸಾಲಲ್ಲಿ ಕೂತಿದ್ದಾರೆ.”

ಇಡೀ ಹಾಲು ತಿರುಗಿ ನೋಡಿತು. ನಾರಾಯಣಮ್ಮ ಸೆರಗು ಎಳೆದುಕೊಂಡು ನನ್ನ ಬೆನ್ನ ಹಿಂದೆ ಸರಿಯಲು ನೋಡಿದರು. ನಾನು ಸರಿಯಲು ಬಿಡಲಿಲ್ಲ. ಮಲರ್ ಚೀಲದ ಕತೆಯನ್ನೆಲ್ಲ ಹೇಳಿದಳು, ಒಂದು ಅಕ್ಷರ ಬಿಡದೆ. ಚಪ್ಪಾಳೆ ಬಿದ್ದದ್ದು ಆಗ.

ಆದರೆ ನಾನು ಬರೆಯಲು ಕೂತದ್ದು ಚಪ್ಪಾಳೆಗಾಗಿ ಅಲ್ಲ. ಅದರ ಮುಂದಿನದಕ್ಕೆ.

ಪರೀಕ್ಷಕಿ ಎದ್ದು ಕೊನೆಯ ಸಾಲಿಗೆ ಬಂದರು. ನಾರಾಯಣಮ್ಮನ ಪಕ್ಕದ ಕುರ್ಚಿಯಲ್ಲಿ ಕೂತು ಸ್ವಚ್ಛ ಕನ್ನಡದಲ್ಲಿ ಕೇಳಿದರು. “ಅಮ್ಮ, ಎಲ್ಲ ಹಿಕ್ಕೆಯೂ ಒಂದೇ ತರ ಇರುತ್ತಾ?”

ಪ್ರಶ್ನೆ ತನಗೆ ಗೊತ್ತಿರುವ ವಿಷಯದ್ದು ಎಂದು ತಿಳಿದದ್ದೇ ತಡ, ನಾರಾಯಣಮ್ಮನ ಬೆನ್ನು ನೆಟ್ಟಗಾಯಿತು.

“ಎಲ್ಲಿ ಒಂದೇ ತರ ಇರ್ತೈತೆ ತಾಯಿ? ಉಳ ನಾಕು ಸಲ ಜ್ವರ ಬಂದು ಪೊರೆ ಬಿಡ್ತೈತೆ. ಎರಡ್ನೇ ಜ್ವರ ಎದ್ದಾಗ ಇಕ್ಕೆ ಸಣ್ಣಕೆ, ಒಣಕ್ಲು. ನಾಕ್ನೇ ಜ್ವರ ಎದ್ ಮೇಲೆ ನೋಡ್ಬೇಕು, ದಪ್ಪಕೆ, ಹಸಿ. ಅದ್ನ ಆಕಿದ್ರೆ ಗಿಡ ಕಪ್ಪುಗೆ ಸೊಂಪಾಗಿ ಬತ್ತೈತೆ. ನಿಮ್ ಮಿಷಿನ್ಗೂ ಅದೇ ಒಳ್ಳೇದು ಅಂತ ಕಾಣ್ತೈತೆ. ಇವ್ಳು ಎಲ್ಲಾನೂ ಬೆರ್ಸ್ಬಿಟ್ಟವ್ಳೆ.”

ಮಲರ್ ಬಾಯಿ ತೆರೆದು ನಿಂತಿದ್ದಳು. ಗೈಡ್ ಪೆನ್ನು ಹುಡುಕುತ್ತಿದ್ದರು. ಪರೀಕ್ಷಕಿ ಆಗಲೇ ಬರೆದುಕೊಳ್ಳುತ್ತಿದ್ದರು.

“ನಾಲ್ಕನೇ ಜ್ವರ ಆದ ಮೇಲೆ ಎಷ್ಟು ದಿನದ್ದು ಅಮ್ಮ?”

“ಬರ್ಕಳಿ, ಏಳ್ತೀನಿ,” ಎಂದರು ನಾರಾಯಣಮ್ಮ.

ನಿಮ್ಮ ಮನೆಯಲ್ಲಿ ನಾಚಿಕೆಯಿಂದ ಬಾಯಿ ಮುಚ್ಚಿಕೊಂಡು ಕೂತಿರುವವರು ಯಾರು?