ಹಕ್ಕಲು ಆಯ್ದ ಅತ್ತೆ

ಬೆಳಿಗ್ಗೆ ರಾಗಿಹಿಟ್ಟು ಅಳೆದುಕೊಟ್ಟೆ, ಲಾಟೀನಿನ ಗಾಜುಗಳನ್ನು ಒರೆಸಿದೆ, ಇಬ್ಬರು ಹುಡುಗಿಯರ ತಲೆಯ ಹೇನು ತೆಗೆದೆ, ಚರಿತ್ರೆಯ ಉತ್ತರಪತ್ರಿಕೆ ತಿದ್ದಿದೆ. 1968ರ ಡಿಸೆಂಬರಿನ ಆ ಶನಿವಾರ ಇಷ್ಟೇ ಕೆಲಸ ಎಂದುಕೊಂಡಿದ್ದೆ. ಆಗ ನಾನು ಹುಣಸೂರಿನ ಒಂದು ಮಿಷನ್ ಶಾಲೆಯಲ್ಲಿ ಚರಿತ್ರೆಯ ಅಧ್ಯಾಪಕಿ; ಹುಡುಗಿಯರ ಹಾಸ್ಟೆಲಿಗೆ ವಾರ್ಡನ್ ಕೂಡ.

ಹಿಂದಿನ ತಿಂಗಳು ರೆನೈಸಾನ್ಸ್, ಎಂದರೆ ಯುರೋಪಿನ ಪುನರುಜ್ಜೀವನ ಕಾಲದ ಪಾಠ ಮಾಡಿದ್ದೆ. ಪುಸ್ತಕದಲ್ಲಿ ಬರೀ ಗಂಡಸರ ಹೆಸರು. ಇಟಲಿಯ ಕಾನ್ವೆಂಟುಗಳಲ್ಲಿ ಸನ್ಯಾಸಿನಿಯರೂ ಬೈಬಲಿನ ಹೆಂಗಸರ ಮೇಲೆ ನಾಟಕ ಬರೆದು ತಾವೇ ಆಡುತ್ತಿದ್ದರೆಂದು ನಾನು ಸೇರಿಸಿ ಹೇಳಿದೆ. ಕಟ್ಟೆಮಳಲವಾಡಿಯ ಕಮಲ ಅದನ್ನು ಮನಸ್ಸಿಗೆ ಹಚ್ಚಿಕೊಂಡಳು. ಕ್ರಿಸ್‌ಮಸ್‌ಗೆ ರೂತಳ ನಾಟಕ ತಾನೇ ಬರೆದಳು. ಗಂಡ ಸತ್ತ ಸೊಸೆ ರೂತ್, ಅತ್ತೆ ನವೊಮಿಯನ್ನು ಬಿಟ್ಟುಹೋಗದೆ, ಕೊಯ್ಲಾದ ಹೊಲದಲ್ಲಿ ಹಕ್ಕಲು, ಅಂದರೆ ಉದುರಿದ ತೆನೆ ಆಯ್ದು ಇಬ್ಬರ ಹೊಟ್ಟೆ ಹೊರೆದ ಕಥೆ.

ಆ ಮಧ್ಯಾಹ್ನ ರಿಹರ್ಸಲ್ ನಡೆದಿರುವಾಗ ಕಮಲಳ ಅಜ್ಜಿ ನಿಂಗಮ್ಮ ಬಂದರು.

"ಓದಿದ್ದು ಸಾಕು ಟೀಚರಮ್ಮ. ಮನೇಲಿ ಕೈಗೊಬ್ರಿಲ್ಲ. ಇವಳ ಟ್ರಂಕು ಕೊಡಿ."

ರೂತಳಾಗಿದ್ದ ಕಮಲ ತೆನೆ ಆಯುವುದನ್ನು ಬಿಟ್ಟು ಅಜ್ಜಿಯ ಕಡೆ ತಿರುಗಿದಳು. ನವೊಮಿಯ ಪಾತ್ರದವಳು ಮಾತ್ರ ಕಂಬಕ್ಕೊರಗಿ, ನಶ್ಯ ಏರಿಸುತ್ತಾ, ಸೊಸೆಯ ದಾರಿ ಕಾಯುತ್ತಲೇ ಇದ್ದಳು. ಅಜ್ಜಿಯ ಕೈ ತಮ್ಮ ಸೊಂಟದ ನಶ್ಯದ ಡಬ್ಬಿಗೆ ಹೋಯಿತು.

"ಲೇ ಕಮಲಿ, ನನ್ನೂ ನಿಮ್ಮವ್ವನ್ನೂ ನಾಟ್ಕಕ್ಕೆ ಆಕಿದ್ದೀಯಾ?"

"ಇದು ಬೈಬಲ್ ಕತೆ ಕಣಜ್ಜಿ. ಬೆತ್ಲೆಹೇಮಿಂದು."

"ನಸ್ಯನೂ ಬೆತ್ಲೆಹೇಮಿಂದಾ?"

ಹುಡುಗಿಯರು ದಾವಣಿಯನ್ನು ಬಾಯಿಗೊತ್ತಿಕೊಂಡರು. ಆದರೆ ಅಜ್ಜಿಯ ಸಿಟ್ಟು ನಶ್ಯದ ಮೇಲಿನದಲ್ಲ.

"ನನ್ ಮಗ ತೀರೋದ ವರ್ಸ ನಿಮ್ಮವ್ವನ ಜೊತೆ ನಾನೂ ಅಕ್ಲು ಆಯೋಕೆ ಓಗಿದ್ದೆ. ಇವ್ಳು ನೋಡುದ್ರೆ ಕಂಬಕ್ಕೆ ಒರಗವ್ಳೆ. ನೋಡ್ದೋರು ಏನಂದಾರು?"

ನವೊಮಿ ಹೊಲಕ್ಕೆ ಹೋದದ್ದು ಬೈಬಲಿನಲ್ಲಿಲ್ಲವಲ್ಲ ಎಂದು ಕಮಲ ನನ್ನ ಮುಖ ನೋಡಿದಳು. ಇಟಲಿಯವರೂ ಬೈಬಲಿನಲ್ಲಿಲ್ಲದ ಮಾತುಗಳನ್ನು ಸೇರಿಸಿದ್ದಾರೆ, ಬರಿ ಎಂದೆ. ಅಲ್ಲೇ ಜಗಲಿಯ ಮೇಲೆ ಕೂತು ಅತ್ತೆಯನ್ನೂ ಹೊಲಕ್ಕಿಳಿಸಿದಳು. ಅಜ್ಜಿ ಎರಡು ಸಲ ಓದಿಸಿ ಕೇಳಿದರು.

"ಮಡ್ಲು ತುಂಬೋ ಒತ್ತಿಗೆ ಸೊಂಟ ಬಿದ್ದೋಯ್ತದೆ. ಅದ್ನೂ ಬರಿ."

ಅದನ್ನೂ ಬರೆದಳು. ಟ್ರಂಕು ತರಿಸಲೇ ಎಂದು ನಾನು ಮೆಲ್ಲಗೆ ಕೇಳಿದೆ.

"ಇಲ್ಲೇ ಇರ್ಲಿ ಬುಡಿ ಟೀಚರಮ್ಮ. ನಾನೂ ಅಕ್ಲಿಗೆ ಓಗಿದ್ದು ಬರೆಯೋಕೆ ನಮ್ಮನೇಲಿ ಇನ್ಯಾರವ್ರೆ?"

ಆಮೇಲೆ ಪುನರುಜ್ಜೀವನದ ಪಾಠ ಮಾಡುವಾಗಲೆಲ್ಲ, ನಾಟಕ ಬರೆದ ಹೆಂಗಸರ ಪಕ್ಕದಲ್ಲಿ ಕೂತು ಓದಿಸಿ ಕೇಳಿದ ಒಬ್ಬ ಅಜ್ಜಿಯೂ ಇದ್ದಿರಬೇಕು ಎಂದು ಹೇಳುವುದನ್ನು ರೂಢಿ ಮಾಡಿಕೊಂಡೆ.

ಆ ರಾತ್ರಿ ಅಜ್ಜಿ ಹಾಸ್ಟೆಲಿನಲ್ಲೇ ಉಳಿದರು. ಊಟಕ್ಕೆ ಮುದ್ದೆ, ಅವರೆಕಾಳಿನ ಸಾರು. ಅಜ್ಜಿ ಸಾರಿಗೆ ಉಪ್ಪು ಕಮ್ಮಿ ಎಂದರೂ ಎರಡನೇ ಮುದ್ದೆ ಹಾಕಿಸಿಕೊಂಡರು. ಮೊದಲು ನಿದ್ದೆ ಹೋದವರೂ ಅವರೇ, ಮೊಮ್ಮಗಳ ಚಾಪೆಯ ತುಂಬ ಕಾಲು ಚಾಚಿ. ಕಮಲ ನನ್ನ ಚಾಪೆಯ ಅಂಚಿಗೆ ಬಂದು ಮಲಗಿದಳು.