ಹಾಳೆ ಎಣಿಸುವ ಸೂಜಿಯಮ್ಮ

ಬೆಳಗ್ಗೆ ಏಳೂಕಾಲು. ಕೋರ್ಟಿನ ಅಂಗಳದಲ್ಲಿ ಪೊರಕೆಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ವಾದಿ ಪ್ರತಿವಾದಿಗಳೆಲ್ಲ ಇನ್ನೂ ತಂತಮ್ಮ ಮನೆಗಳಲ್ಲಿ ಹಲ್ಲುಜ್ಜುತ್ತಿರುವ ಹೊತ್ತು. ನೆಲಮಹಡಿಯ ರೆಕಾರ್ಡ್ ರೂಮಿನಲ್ಲಿ ಮಾತ್ರ ಒಂದು ಟ್ಯೂಬ್‌ಲೈಟು ಎರಡು ಸಲ ಕಣ್ಣು ಮಿಟುಕಿಸಿ, ಏಳಲೋ ಬೇಡವೋ ಎಂದು ಯೋಚಿಸಿ, ಕೊನೆಗೂ ಹತ್ತಿಕೊಳ್ಳುತ್ತದೆ. ಅದರ ಕೆಳಗೆ ಕುಳಿತ ನಲವತ್ತೇಳರ ಹೆಂಗಸು ಹಳೆಯ ಫೈಲೊಂದನ್ನು ಮಡಿಲಿಗೆಳೆದುಕೊಂಡು, ಅದರ ಬೆನ್ನಿನ ದಾರಕ್ಕೆ ಪುಟ್ಟ ಕತ್ತರಿ ಹಾಕುತ್ತಾರೆ. ಮೂವತ್ತು ವರ್ಷ ಬಿಗಿದುಕೊಂಡಿದ್ದ ಗಂಟು ಟಕ್ಕೆಂದು ಬಿಡುತ್ತದೆ. ದೂಳು ಮೇಲೇಳುತ್ತದೆ. ಮುಖ ಆಚೆ ತಿರುಗಿಸಿ ಒಂದು ಸೀನು ಸೀನಿ, ಹೆಬ್ಬೆರಳಿನಿಂದ ಅಂಚು ಸವರುತ್ತ ಹಾಳೆ ಎಣಿಸತೊಡಗುತ್ತಾರೆ.

"ಇದು ನಮ್ಮ ಚಿಕ್ಕಮ್ಮ ಹಾಕಿದ ಗಂಟು. ನಂದಾದ್ರೆ ಎರಡು ಸುತ್ತು, ಅವರದು ಮೂರು. ಯಾರನ್ನೂ ನಂಬ್ತಿರಲಿಲ್ಲ ಪುಣ್ಯಾತ್ಗಿತ್ತಿ."

ಆ ಚಿಕ್ಕಮ್ಮನ ಕೈಯಿಂದ ಸೂಜಿ ಇವರ ಕೈಗೆ ಬಂದು ಇಪ್ಪತ್ತೆರಡು ವರ್ಷವಾಗಿದೆ. ಮೊಕದ್ದಮೆ ಮುಗಿದರೆ ಅದರ ಕಾಗದಗಳನ್ನು ಒಪ್ಪವಾಗಿ ಜೋಡಿಸಿ, ದಬ್ಬಳದಿಂದ ಮೂರು ತೂತು ಕೊರೆದು, ದಾರ ಎಳೆದು ಹೊಲಿಯುವುದು ಕೆಲಸ. ಜಡ್ಜಿನಿಂದ ಜವಾನನವರೆಗೆ ಎಲ್ಲರ ಬಾಯಲ್ಲೂ ಇವರು ಸೂಜಿಯಮ್ಮ. ಸಂಬಳದ ಪಟ್ಟಿಯಲ್ಲಿ ಮಾತ್ರ 'ಗುತ್ತಿಗೆ ನೌಕರರು, ಮೂರನೆಯ ಹೆಸರು'.

ಹೋದ ವರ್ಷ ಸ್ಕ್ಯಾನರ್ ಬಂತು. ಕೋರ್ಟಿನ ಹಳೆಯ ಫೈಲುಗಳಿಗೆಂದೇ ಎದುರು ರಸ್ತೆಯಲ್ಲೊಂದು ಗೋದಾಮನ್ನು ಬಾಡಿಗೆಗೆ ಹಿಡಿದಿದ್ದಾರೆ. ಹಾಳೆಗಳೆಲ್ಲ ಕಂಪ್ಯೂಟರಿನೊಳಗೆ ಹೋದರೆ ಗೋದಾಮು ಬಿಟ್ಟುಕೊಡಬಹುದು, ಕಾಗದವನ್ನು ಗಿರಣಿಗೆ ಕಳಿಸಿ ಅರೆಸಬಹುದು, ಬಾಡಿಗೆ ಉಳಿಯುತ್ತದೆ ಎಂಬುದು ಲೆಕ್ಕ. ತಪ್ಪು ಲೆಕ್ಕವೇನಲ್ಲ. ಮೊದಲು ಒಂದು ನಕಲು ಬೇಕೆಂದರೆ ಹನ್ನೊಂದು ದಿನ ಅಲೆಯಬೇಕಿತ್ತು. ಈಗ ಕೌಂಟರಿನ ಮುಂದೆ ಒಂದು ಲೋಟ ಚಹಾ ಕುಡಿಯುವಷ್ಟರಲ್ಲಿ ಕೈಗೆ ಬರುತ್ತದೆ. ಅದನ್ನು ಸೂಜಿಯಮ್ಮನೇ ಎಲ್ಲರಿಗಿಂತ ಮೊದಲು ಹೇಳುತ್ತಾರೆ.

"ವಯಸ್ಸಾದೋರು ಮೆಟ್ಟಿಲು ಹತ್ತಿ ಇಳಿದು ಸಾಯೋದು ತಪ್ಪಿತಲ್ಲ. ಯಂತ್ರದ ಮೇಲೆ ನಂಗೇನೂ ಹೊಟ್ಟೆಕಿಚ್ಚಿಲ್ಲ."

ಆದರೆ ಹೊಲಿದಿದ್ದನ್ನು ಯಂತ್ರ ತಿನ್ನುವುದಿಲ್ಲ. ಬಿಚ್ಚಿ, ಮಡಿಕೆ ತಿದ್ದಿ, ಬಿಡಿಬಿಡಿಯಾಗಿ ಉಣಿಸಬೇಕು. ಹೊಲಿದ ಕೈಯೇ ಈಗ ಬಿಚ್ಚುತ್ತಿದೆ. ಕಥೆಯ ರಾಕ್ಷಸನಿಗೆ ದಿನಕ್ಕೊಂದು ಬಂಡಿ ಅನ್ನವಾದರೆ ಈ ಯಂತ್ರಕ್ಕೆ ದಿನಕ್ಕೆ ಐವತ್ತು ಫೈಲು. ಅದಕ್ಕಿಂತ ಕಡಿಮೆಯಾದರೆ ಗುತ್ತಿಗೆ ಮುಂದುವರಿಯುವುದಿಲ್ಲವೆಂದು ಕರಾರಿನಲ್ಲೇ ಬರೆದಿದೆ. ಇವರ ಗುತ್ತಿಗೆ ಈ ತಿಂಗಳ ಕೊನೆಗೆ ಮುಗಿಯುತ್ತದೆ. ಗಂಡ ತೀರಿಕೊಂಡು ಒಂಬತ್ತು ವರ್ಷವಾಯಿತು. ಹತ್ತನೇ ತರಗತಿಯ ಮಗಳು, ನಾಲಿಗೆ ಚುರುಕಾಗಿರುವ ಅತ್ತೆ, ಎರಡು ಕೋಣೆಯ ಮನೆ, ಎಲ್ಲವೂ ಈ ಒಂದೇ ದುಡಿಮೆಯ ಮೇಲೆ ನಿಂತಿವೆ.

"ಕೂತ ಕೊಂಬೆ ಕಡಿಯೋಳನ್ನ ಕಥೆಯಲ್ಲಿ ಕೇಳಿದ್ದೆ. ನಮ್ಮನೆಗೇ ಸೊಸೆಯಾಗಿ ಬಂದ್ಲು," ಎನ್ನುತ್ತಾರೆ ಅತ್ತೆ.

"ಕೊಂಬೆ ಹೇಗೂ ಬೀಳುತ್ತೆ ಅತ್ತೆ. ನಾನೇ ಕಡಿದ್ರೆ ಯಾರ ತಲೆ ಮೇಲೂ ಬೀಳದ ಹಾಗೆ ಕಡೀತೀನಿ," ಎಂದು ಸೊಸೆ ಡಬ್ಬಿ ಮುಚ್ಚಿ ಹೊರಡುತ್ತಾರೆ.

ಯಂತ್ರಕ್ಕೆ ಕೊಡುವ ಮೊದಲೊಮ್ಮೆ, ಕೊಟ್ಟ ಮೇಲೊಮ್ಮೆ ಎಣಿಸುವುದು ಇವರಿಗೆ ಯಾರೂ ಹೇಳಿಕೊಟ್ಟದ್ದಲ್ಲ. ಹೊಲಿಯುವವರ ಚಾಳಿ ಅದು; ದಬ್ಬಳ ಇಳಿಸಿದ ಮೇಲೆ ಹಾಳೆ ಬಿಟ್ಟುಹೋಗಿದೆಯೆಂದು ತಿಳಿದರೆ ಪೂರ್ತಿ ಬಿಚ್ಚಬೇಕಾಗುತ್ತದೆ. ಎರಡು ತಿಂಗಳ ಹಿಂದಿನ ಒಂದು ಬೆಳಗ್ಗೆ, ಮಗುವೊಂದು ಯಾರ ಬಳಿ ಬೆಳೆಯಬೇಕೆಂಬ ಹಳೆಯ ಜಗಳದ ಫೈಲು ಕೈಗೆ ಬಂದಿತ್ತು. ಕೊಟ್ಟದ್ದು ನಲವತ್ತಮೂರು ಹಾಳೆ. ಹಾಳೆಗಳ ಜೊತೆ ಅಂದು ಮೊದಲ ಸಲ ಪರದೆಯ ಮೇಲಿನ ಲೆಕ್ಕವನ್ನೂ ನೋಡಿದರು: ನಲವತ್ತೆರಡು. ಮತ್ತೆ ಉಣಿಸಿದರು. ಮತ್ತೆ ನಲವತ್ತೆರಡು. ಒಂದೊಂದೇ ಹೋಲಿಸಿದಾಗ ಕೊನೆಯ ಹಾಳೆ ಪರದೆಯಲ್ಲಿ ಇರಲಿಲ್ಲ. ಕೈಯಲ್ಲಿದ್ದ ಆ ಹಾಳೆ ಕಣ್ಣಿಗೆ ಬರೀ ಖಾಲಿ. ಟ್ಯೂಬ್‌ಲೈಟಿಗೆ ಎತ್ತಿ ಹಿಡಿದರೆ ಕೆಳಗಡೆ, ನೀರು ಕುಡಿದ ನೇರಳೆ ಬಣ್ಣದಲ್ಲಿ, ಒಂದು ಹೆಬ್ಬೆಟ್ಟು. ಮಗುವನ್ನು ಬಿಟ್ಟುಕೊಡಲಾರೆನೆಂದು ತಾಯಿ ಕೊಟ್ಟ ಹೇಳಿಕೆ ಹಿಂದಿನ ಹಾಳೆಯಲ್ಲಿ ಮುಗಿದಿತ್ತು. ಗುರುತು ಬಿದ್ದದ್ದು ಈ ಹಾಳೆಯ ಮೇಲೆ.

ಜಾಗ ಉಳಿಸಲೆಂದು ಯಂತ್ರಕ್ಕೆ ಖಾಲಿ ಹಾಳೆಗಳನ್ನು ತಾನೇ ಬಿಟ್ಟುಬಿಡುವಂತೆ ಹೇಳಿಕೊಟ್ಟಿದ್ದರು. ಅದು ಹೇಳಿದಂತೆ ಕೇಳಿತ್ತು, ಅಷ್ಟೆ. ಬಿಚ್ಚುವ ಕೆಲಸ ಶುರುವಾಗಿ ಆಗಿನ್ನೂ ಒಂದು ತಿಂಗಳು, ಅಷ್ಟರಲ್ಲೇ ಸಾವಿರದ ನೂರ ನಲವತ್ತು ಫೈಲು ಮುಗಿದಿದ್ದವು. ಅವುಗಳ ಮೂಲ ಹಾಳೆಗಳನ್ನು ಗಿರಣಿಗೆ ಒಯ್ಯುವ ಲಾರಿ ಆ ಶನಿವಾರ ಬರುವುದಿತ್ತು.

ಹೆಡ್ ಕ್ಲರ್ಕ್ ಕೆಟ್ಟವರಲ್ಲ. ಮೇಲಿನವರಿಗೆ ಉಳಿತಾಯದ ವರದಿ ಬರೆಯಬೇಕಾದವರು.

"ಒಂದು ಹೆಬ್ಬೆಟ್ಟಿಗೆ ಇಷ್ಟು ರಾದ್ಧಾಂತನಾ ಸೂಜಿಯಮ್ಮ? ಮಾತೆಲ್ಲ ಹಿಂದಿನ ಹಾಳೆಯಲ್ಲಿ ಇದೆಯಲ್ಲ."

"ಮಾತನ್ನ ಯಾರು ಬೇಕಾದ್ರೂ ಬರೀಬಹುದು ಸಾರ್. ಅವಳೇ ಆಡಿದ್ದು ಅನ್ನೋದಕ್ಕೆ ಇನ್ನೇನಿದೆ?"

"ಎಲ್ಲಾನೂ ಮತ್ತೆ ಎಣಿಸಿದ್ರೆ ನಿಮ್ಮ ಐವತ್ತು ಎಲ್ಲಿಂದ ಬರುತ್ತೆ? ಆಮೇಲೆ ನನ್ನ ಹತ್ರ ಬಂದು ಅಳಬೇಡಿ."

"ಅಳೋಕೆ ಮನೇಲಿ ಜಾಗ ಇದೆ ಸಾರ್. ಲಾರಿ ಒಂದು ನಿಲ್ಲಿಸಿ."

ಅವರು ಕನ್ನಡಕ ಒರೆಸಿ ಹಾಕಿಕೊಂಡು, ಫೋನೆತ್ತಿ ಲಾರಿಯನ್ನು ಮುಂದಕ್ಕೆ ಹಾಕಿದರು. ಯಂತ್ರದ ಆ ಚಾಳಿಯನ್ನೂ ಅದೇ ದಿನ ಬಿಡಿಸಿದರು. ಐದು ವಾರ ಸೂಜಿಯಮ್ಮ ಬೆಳಗ್ಗೆ ಹೊಸ ಫೈಲು, ಮಧ್ಯಾಹ್ನ ಹಳೆಯ ಫೈಲು ಎಂದು ಎರಡನ್ನೂ ಎಣಿಸಿದರು. ಯಂತ್ರ ಬಿಟ್ಟಿದ್ದ ಹಾಳೆಗಳಲ್ಲಿ ಹೆಚ್ಚಿನವು ನಿಜಕ್ಕೂ ಖಾಲಿ. ಹದಿನೇಳು ಹಾಳೆ ಮಾತ್ರ ಖಾಲಿಯಲ್ಲ. ಒಂದರಲ್ಲಿ ಪೆನ್ಸಿಲಿನಲ್ಲಿ ಬರೆದ ತಾರೀಖು, ಇನ್ನೊಂದರಲ್ಲಿ ಮಾಸಿದ ಮೊಹರು, ಮತ್ತೊಂದರಲ್ಲಿ ಮನೆಯ ಹಿತ್ತಿಲ ಗೋಡೆ ಎಲ್ಲಿದೆಯೆಂದು ಎಳೆದ ಸಣ್ಣ ಗೆರೆ. ಹದಿನೇಳನ್ನೂ ಸೇರಿಸಿದ ಮೇಲೆ ಲಾರಿ ಬಂದು ಹೊತ್ತುಕೊಂಡು ಹೋಯಿತು. ಆ ಐದು ವಾರ ಇವರ ಹೆಸರಿನ ಮುಂದೆ ಬಿದ್ದ ಸರಾಸರಿ ಮೂವತ್ತಾರು.

ತಿಂಗಳ ಕೊನೆಯ ದಿನ ಹೆಡ್ ಕ್ಲರ್ಕ್ ಕರೆಯುತ್ತಾರೆ. ಸೂಜಿಯಮ್ಮ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಹೋಗಿ ನಿಲ್ಲುತ್ತಾರೆ. ಮೇಜಿನ ಮೇಲೆ ಒಂದು ಕಾಗದ.

"ಐವತ್ತು ಇಲ್ಲದೆ ಒಂದು ವರ್ಷಕ್ಕೆ ಗುತ್ತಿಗೆ ಕೊಡೋಕೆ ನನ್ನ ಕೈಲಾಗಲ್ಲ. ಯಾಕೆ ಕಮ್ಮಿ ಆಯ್ತು ಅಂತ ಮೂರು ಪುಟ ಬರ್ದು ಕಳಿಸಿದ್ದೆ. ಉಳಿದಿರೋ ಕೆಲಸ ಮುಗಿಸೋಕೆ ಮೂರು ತಿಂಗಳು ಕೊಟ್ಟಿದಾರೆ. ಎಣಿಸಿಯೇ ಮಾಡಿ, ಐವತ್ತರ ಮಾತು ಇಲ್ಲ. ಆಮೇಲಿಂದು ಗೊತ್ತಿಲ್ಲಮ್ಮ."

"ಮೂರು ಪುಟಾನೂ ಹೋಗಿ ಮುಟ್ಟಿತಾ ಸಾರ್?" ಎಂದು ಕೇಳಿ, ಅವರನ್ನೂ ನಗಿಸಿ, ಸೂಜಿಯಮ್ಮ ರುಜು ಹಾಕುತ್ತಾರೆ.

ಸಂಜೆ ಅತ್ತೆಗೆ ಹೇಳಿದರೆ ಅವರು ಸೊಸೆಯ ತಟ್ಟೆಗೆ ಇನ್ನೊಂದು ಸೌಟು ಬಡಿಸುತ್ತಾರೆ, ಅಷ್ಟೆ.

ಮೂರು ತಿಂಗಳಾದ ಮೇಲೆ ಏನು ಮಾಡುತ್ತೀರಿ ಎಂದು ಕೇಳಿದರೆ ಸೂಜಿಯಮ್ಮ ಆ ಪ್ರಶ್ನೆಯನ್ನು ಪಕ್ಕಕ್ಕಿಡುತ್ತಾರೆ. ಅವರಿಗೆ ಬೇಕಿರುವುದು ಬೇರೆ.

"ಮೇಜನ್ನ ಕಿಟಕಿ ಪಕ್ಕ ಹಾಕ್ಕೊಡಿ ಅಂತ ಕೇಳಿದೀನಿ. ಬೆಳಗಿನ ಬಿಸಿಲು ಓರೆಯಾಗಿ ಬಿದ್ರೆ ಹಳೇ ಶಾಯಿ ತಾನಾಗೇ ಕಾಣುತ್ತೆ, ಒಂದೊಂದನ್ನೂ ಎತ್ತಿ ಹಿಡಿಯೋ ಕೆಲಸ ಇಲ್ಲ. ಅದೊಂದು ಮಾಡಿಕೊಟ್ರೆ ಮೂರು ತಿಂಗಳು ಯಾಕೆ, ಎರಡೂವರೆಗೇ ಮುಗಿಸಿ ಕೊಡ್ತೀನಿ."